ಭಾವನ ಹೆಸರಿನ ಮೇಲೆ ಕೂತ ಪದ

“ನಿಮ್ ಭಾವ ಯಾವಾಗ ತೀರ್ಕೊಂಡ್ರು ಮೇಡಂ?”

ಊಟದ ಬಿಡುವಿನಲ್ಲಿ, ಸ್ಟಾಫ್ ರೂಮಿನಲ್ಲಿ ಸಹೋದ್ಯೋಗಿ ಸರೋಜಾ ಹೀಗೆ ಕೇಳಿದಾಗ ನಾನು ನಕ್ಕೆ. ಅವರು ನಗಲಿಲ್ಲ. ನಾನೇ ಹೆಮ್ಮೆಯಿಂದ ನೋಡಲು ಕೊಟ್ಟಿದ್ದ ಮೊಬೈಲನ್ನು ನನ್ನತ್ತ ತಿರುಗಿಸಿದರು. ಅಕ್ಕನ ಮಗಳ ಲಗ್ನಪತ್ರಿಕೆ. ಭಾವ ನಾರಾಯಣಪ್ಪನವರ ಹೆಸರಿನ ಮೇಲೆ ‘ದಿವಂಗತ’ ಎಂದಿತ್ತು.

ಭಾವ ತಮ್ಮೂರು ಬೇರಿಕೆಯಲ್ಲಿ ಗಟ್ಟಿಯಾಗಿಯೇ ಇದ್ದಾರೆ. (ಗಟ್ಟಿಯಾಗಿ ಎಂದರೆ, ಹೋದ ತಿಂಗಳಷ್ಟೇ ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ಬಂದಿದ್ದಾರೆ.)

ಪತ್ರಿಕೆ ಮಾಡಿದವಳು ನಾನೇ. ಗಡಿಯಾಚೆಯ ನಮ್ಮ ಹೊಸೂರಿನಲ್ಲಿ ಕನ್ನಡ ಟೈಪ್ ಮಾಡಿಕೊಡುತ್ತಿದ್ದವರು ಅಂಗಡಿ ಮುಚ್ಚಿದ್ದರು. “ನಮ್ಮನೆ ಮದ್ವೆ ಕಾರ್ಡು ಕನ್ನಡದಾಗೇ ಇರ್ಬೇಕು ಕಣೇ” ಎಂದು ಅಕ್ಕನ ಹಟ. ಕನ್ನಡ ಟೀಚರ್ ನಾನಿಲ್ಲವೇ? ಪುಟ ವಿನ್ಯಾಸದ ಡಿಟಿಪಿ ಸಾಫ್ಟ್‌ವೇರ್ ಕಲಿಯಲು ಕೂತೇಬಿಟ್ಟೆ.

ಮೊದಮೊದಲು ಮೌಸ್ ಮುಟ್ಟಲೂ ಭಯ. ಫಾಂಟ್ ಬದಲಿಸಿದರೆ ಒತ್ತಕ್ಷರಗಳೆಲ್ಲ ಕಳಚಿ ಬೀಳುತ್ತಿದ್ದವು. ಅಲ್ಲಿ ಒಂದೊಂದು ಸಾಲಿಗೂ ಒಂದೊಂದು ಬಾಕ್ಸ್. ಜೊತೆಗಿರಬೇಕಾದ ಬಾಕ್ಸ್‌ಗಳನ್ನು ‘ಗ್ರೂಪ್’ ಮಾಡಬೇಕು, ಇಲ್ಲದಿದ್ದರೆ ಒಂದನ್ನು ಎಳೆದಾಗ ಇನ್ನೊಂದು ಅಲ್ಲೇ ಉಳಿಯುತ್ತದೆ. ನನಗದು ಗೊತ್ತಿರಲಿಲ್ಲ. ಚೆಂದ ಕಾಣಲೆಂದು ಭಾವನ ತಂದೆ ಮುನಿಯಪ್ಪನವರ ಹೆಸರನ್ನು ಪಕ್ಕಕ್ಕೆ ಎಳೆದು, ಆ ಜಾಗದಲ್ಲಿ ಭಾವನ ಹೆಸರು ಕೂರಿಸಿದೆ. ತೀರಿಕೊಂಡವರು ಮುನಿಯಪ್ಪನವರು. ಬೇರೆ ಬಾಕ್ಸ್‌ನಲ್ಲಿದ್ದ ಅವರ ‘ದಿವಂಗತ’ ಮಾತ್ರ ಕದಲಲಿಲ್ಲ.

ಹಿಂದಿನ ಸಂಜೆಯೇ ಫೈಲು ಕೃಷ್ಣಗಿರಿಯ ಪ್ರೆಸ್ಸಿಗೂ ಭಾವನ ವಾಟ್ಸಾಪಿಗೂ ಹೋಗಿತ್ತು. ಬೆಳಿಗ್ಗೆಯೇ ಅಚ್ಚು ಎಂದಿದ್ದರು. ಪ್ರೆಸ್ಸಿನಲ್ಲಿ ಎಲ್ಲರೂ ತಮಿಳರು, ಕನ್ನಡ ಓದಬಲ್ಲವರು ಒಬ್ಬರೂ ಇಲ್ಲ. ಯಾರು ತಡೆಯುತ್ತಾರೆ?

ಪ್ರೆಸ್ಸಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಭಾವನಿಗೆ ಮಾಡಲು ಧೈರ್ಯ ಸಾಲಲಿಲ್ಲ. ಅರ್ಧ ದಿನ ರಜೆ ಹಾಕಿ ಕೃಷ್ಣಗಿರಿ ಬಸ್ ಹತ್ತಿದೆ. ದಾರಿಯಲ್ಲಿ ಶೂಳಗಿರಿ ದಾಟುವಾಗ ಅಕ್ಕನ ಫೋನ್. ಕಾರ್ಡ್ ನೋಡಿಬಿಟ್ಟಳೇ? ಅಥವಾ, ನೋಡಿದ ಭಾವನಿಗೇ ಏನಾದರೂ ಆಯಿತೇ? ಫೋನ್ ಕೈಯಲ್ಲೇ ಹೊಡೆದುಕೊಂಡಿತು. ನಾನು ಎತ್ತಲಿಲ್ಲ. ಪಕ್ಕದ ಸೀಟಿನ ಹೆಂಗಸು ನನ್ನ ಮುಖ ನೋಡಿ, ಕೇಳದೆಯೇ ನೀರಿನ ಬಾಟಲಿ ಕೊಟ್ಟರು.

ಪ್ರೆಸ್ಸಿನಲ್ಲಿ ಮಿಷಿನ್ ಓಡುತ್ತಿತ್ತು. ಹತ್ತಿರ ಓಡಿ ನೋಡಿದರೆ ಮಾವಿನ ಪೆಟ್ಟಿಗೆಗೆ ಅಂಟಿಸುವ ಲೇಬಲ್!

“ಉಂಗ ವೇಲೈ ಕಾಲೈಲೇಯೇ ನಿರುತ್ತಿಟ್ಟೋಂ ಮೇಡಂ” ಎಂದರು ಮಾಲೀಕರು, ತಮಿಳಿನಲ್ಲಿ. ನಿಮ್ಮ ಕೆಲಸ ಬೆಳಿಗ್ಗೆಯೇ ನಿಲ್ಲಿಸಿದೆವು ಎಂದು. ಬೇರಿಕೆಯಿಂದ ಫೋನ್ ಬಂದಿತ್ತಂತೆ.

ಆಗ ಭಾವನಿಗೆ ಫೋನ್ ಮಾಡಿದೆ.

“ಬೆಳಿಗ್ಗೇನೇ ನೋಡ್ದೆ ಕಣಮ್ಮ. ನೀನು ಕ್ಲಾಸ್‌ನಾಗಿರ್ತೀಯ ಅಂತ ನಾನೇ ಪ್ರೆಸ್ಸಿಗೆ ಹೇಳ್ಬುಟ್ಟೆ. ನಿಮ್ಮಕ್ಕ ಇನ್ನೂ ನೋಡಿಲ್ಲ, ಅವಳಿಗೆ ಹೇಳ್ಬ್ಯಾಡ, ಹೆದ್ರುಕೊಂತಾಳೆ. ಕಾರ್ಡು ಯಾವಾಗ ಬತ್ತದೆ ಅಂತ ಕೇಳಕ್ಕೆ ಫೋನ್ ಮಾಡ್ತಾ ಅವ್ಳೆ, ಎತ್ತು.”

“ಭಾವ, ತಪ್ಪಾಯ್ತು...”

“ಬುಡಮ್ಮ. ಅಳಿಸಿದ್ರೆ ಹೋಯ್ತದಲ್ಲ.”

ಅಲ್ಲೇ ಪ್ರೆಸ್ಸಿನ ಕಂಪ್ಯೂಟರ್ ಮುಂದೆ ಕೂತು ಅದನ್ನು ಅಳಿಸಿ, ಮುನಿಯಪ್ಪನವರ ಹೆಸರಿನ ಮೇಲೆ ಹಾಕಿದೆ. ಕಾರ್ಡ್ ಚೆನ್ನಾಗಿಯೇ ಬಂತು, ನೆಂಟರೆಲ್ಲ ಹೊಗಳಿದರು. ಹೊಸದಾಗಿ ಡಿಟಿಪಿ ಕಲಿಯುವವರೇ, ಫೈಲ್ ಕಳಿಸುವ ಮುಂಚೆ ಬೇರೊಬ್ಬರಿಂದ ಜೋರಾಗಿ ಓದಿಸಿ. ನಿಮ್ಮ ಕಣ್ಣು ನಂಬಬೇಡಿ.

ಬೆಳಗಿನ ಮಾತ್ರೆ ನುಂಗಿ, ಒಬ್ಬರೇ ಕೂತು, ತಮ್ಮ ಹೆಸರಿನ ಮೇಲೆ ಆ ಪದ ಓದಿದಾಗ ಭಾವನಿಗೆ ಹೇಗಾಗಿರಬೇಕು? ಕೇಳುವ ಧೈರ್ಯ ನನಗಿನ್ನೂ ಬಂದಿಲ್ಲ.