ಅಕ್ಕ ಮಾಡಿಸದ ರಕ್ತಪರೀಕ್ಷೆ

ನನ್ನ ತಮ್ಮನಿಗೆ ಹಿಮೋಫಿಲಿಯಾ. ಗಾಯವಾದರೆ ಅವನ ರಕ್ತ ಬೇಗ ಹೆಪ್ಪುಗಟ್ಟುವುದಿಲ್ಲ. ಗಾಯವಾಗದಿದ್ದರೂ ಒಮ್ಮೊಮ್ಮೆ ಮೊಣಕಾಲಿನೊಳಗೆ ತಾನಾಗಿಯೇ ಸೋರಿ ಕಾಲು ಊದಿಕೊಳ್ಳುತ್ತದೆ. ಆಗ ಬಳ್ಳಾರಿಯ ದೊಡ್ಡಾಸ್ಪತ್ರೆಗೆ ಹೋಗಿ ಇಂಜೆಕ್ಷನ್ ಹಾಕಿಸಿಕೊಂಡು ಬರುತ್ತಾನೆ. ಸತ್ಯನಾರಾಯಣಪೇಟೆಯ ನಮ್ಮ ಮನೆಯ ಮುಂದಿನ ಕೋಣೆಯೇ ಅವನ ಮೊಬೈಲ್ ರಿಪೇರಿ ಅಂಗಡಿ. ಕಾಲು ಕುಂಟಿದರೂ ಮಾತು ಕುಂಟುವುದಿಲ್ಲ ಎಂದು ಗಿರಾಕಿಗಳು ನಗುತ್ತಿದ್ದರು.

ಅವ್ವನ ತವರು ಕುರುಗೋಡು. ಅವಳಿಗೊಬ್ಬ ಅಣ್ಣನಿದ್ದನಂತೆ. ಹಾಲುಹಲ್ಲು ಬಿದ್ದ ಜಾಗದಿಂದ ರಕ್ತ ನಿಲ್ಲದೆ ತೀರಿಹೋದ. ಮನೆಯಲ್ಲಿ ಅದನ್ನು ದೇವರ ಸಿಟ್ಟು ಅಂದುಕೊಂಡು ಬಿಟ್ಟರು. ತಮ್ಮನ ಕಾಯಿಲೆಗೆ ಹೆಸರು ಸಿಕ್ಕ ಮೇಲೂ ಅವ್ವ ಆ ಹೆಸರನ್ನು ಮನೆಯ ಹೊಸ್ತಿಲು ದಾಟಿಸಲಿಲ್ಲ. ಅಕ್ಕನನ್ನು ಹಚ್ಚೊಳ್ಳಿಗೆ ಕೊಡುವಾಗ ಬೀಗರಿಗೆ, "ಹುಡುಗಗ ಸಣ್ಣಾವಿದ್ದಾಗ ಪೋಲಿಯೊ ಆಗಿತ್ರಿ" ಎಂದಿದ್ದಳು.

ಅಕ್ಕ ಬಸುರಾಗಿ ತವರಿಗೆ ಬಂದಾಗ ತಮ್ಮನ ಕಾಲು ಊದಿತ್ತು. ಅವನ ಜೊತೆ ನಾವು ಮೂವರೂ ಆಸ್ಪತ್ರೆಗೆ ಹೋದೆವು. ಡಾಕ್ಟರಮ್ಮ ಅಕ್ಕನ ಹೊಟ್ಟೆ ನೋಡಿ ಕೂರಿಸಿಕೊಂಡು ಹೇಳಿದರು: ಈ ಕಾಯಿಲೆ ತಾಯಿಯಿಂದ ಮಗನಿಗೆ ಬರುತ್ತದೆ. ಅಕ್ಕ ಆರೋಗ್ಯವಾಗಿದ್ದರೂ ಅದನ್ನು ಒಳಗೆ ಹೊತ್ತಿರಬಹುದು. ಮೊದಲು ತಮ್ಮನ ರಕ್ತದಲ್ಲಿ ದೋಷ ಎಲ್ಲಿದೆ ಎಂದು ಹುಡುಕಬೇಕು, ಆಮೇಲೆ ಅಕ್ಕನಲ್ಲಿ ಅದೇ ಇದೆಯೇ ಎಂದು ನೋಡಬೇಕು. ಇದ್ದರೆ ಹೊಟ್ಟೆಯಲ್ಲಿರುವ ಮಗುವನ್ನೂ ಪರೀಕ್ಷಿಸಬಹುದು. "ಮುಂದಿನದು ನಿಮಗೆ ಬಿಟ್ಟದ್ದು" ಎಂದರು.

ಮುಂದಿನದು ಎಂದರೆ ತೆಗೆಸುವುದು. ನಮ್ಮೆಲ್ಲರ ಕಿವಿಗೂ ಅದೊಂದೇ ಅರ್ಥ ಬಿದ್ದಿತು. ಡಾಕ್ಟರಮ್ಮ ಹೆರಿಗೆಯ ವಿಚಾರವಾಗಿ ಇನ್ನೇನೋ ಹೇಳಲು ಹೊರಟಿದ್ದರು. ಅಷ್ಟರಲ್ಲಿ ಅವ್ವ ಚೀಲ ಹಿಡಿದು ಎದ್ದು ನಿಂತಿದ್ದಳು.

ಮನೆಗೆ ಬಂದ ಮೇಲೆ ಅವ್ವ ಸೀರೆಯ ಸೆರಗು ಬಿಗಿದು ಕೂತಳು. "ಹಚ್ಚೊಳ್ಳ್ಯಾಗ ಗೊತ್ತಾದ್ರ ಇಕಿನ್ನ ಇಟ್ಕೊಂತಾರಾ? ನಾಳಿ ಇವಳ್ನ ಯಾರು ಮಾಡ್ಕೊಂತಾರ?" ಎಂದು ನನ್ನ ಕಡೆ ಕೈ ತೋರಿಸಿದಳು. ನಾನಾಗ ಜೀನ್ಸ್ ಹೊಲಿಯುವ ಘಟಕವೊಂದರಲ್ಲಿ ಕೆಲಸಕ್ಕೆ ಸೇರಿದ್ದೆ, ಮದುವೆಯ ಮಾತು ಆಗಷ್ಟೇ ಶುರುವಾಗಿತ್ತು.

ಅಕ್ಕನಿಗೆ ಮಾತ್ರ ಪರೀಕ್ಷೆ ಮಾಡಿಸುವ ಮನಸ್ಸಿತ್ತು. "ತಿಳ್ಕೊಂಡ್ರ ತಪ್ಪೇನು?" ಎಂದಳು. ತಮ್ಮ ಕಾಲಿಗೆ ದಿಂಬು ಕೊಟ್ಟು ಮಲಗಿದ್ದವನು ತಲೆ ಎತ್ತಿದ.

"ನನ್ನ ರಕ್ತ ಬೇಕಾದ್ರ ತಗೋರಿ. ಆದ್ರ ಒಂದು ಮಾತು ಕೇಳ್ತೀನಿ, ಅಕ್ಕಾ. ನನ್ನಂಥಾವಾ ಅದಾನ ಅಂತ ಗೊತ್ತಾದ್ರ ಏನ್ ಮಾಡ್ತಿ?"

ಅಕ್ಕ ಅವನ ಕಾಲಿನಡಿಯ ದಿಂಬು ಸರಿಮಾಡಿದಳು.

"ಹೇಳಕ್ಕಾ, ನಾ ಸಿಟ್ಟಾಗಂಗಿಲ್ಲ. ನನಗ ತಿಳ್ಕಬೇಕಾಗೇತಿ, ಅಷ್ಟ."

ಅವನ ದನಿಯಲ್ಲಿ ನಿಜಕ್ಕೂ ಸಿಟ್ಟಿರಲಿಲ್ಲ. ಹಾಗಿದ್ದರೂ ಅಕ್ಕ ಅವನ ಮುಖ ನೋಡಿದಳು, ಊದಿದ ಕಾಲು ನೋಡಿದಳು, ಕಣ್ಣು ಒರೆಸಿಕೊಂಡಳು. "ನಾ ಯಾವ ಪರೀಕ್ಷಾನೂ ಮಾಡ್ಸಂಗಿಲ್ಲ" ಎಂದು ಒಳಗೆ ಹೋದಳು. ಅವ್ವನ ಮುಖ ತಿಳಿಯಾಯಿತು. ತಮ್ಮ ಗೋಡೆಗೆ ಮುಖ ಮಾಡಿ ಮಲಗಿದ. ಆ ವಿಷಯವನ್ನು ಮತ್ತೆ ಯಾರೂ ಎತ್ತಲಿಲ್ಲ.

ಅಕ್ಕ ಹಚ್ಚೊಳ್ಳಿಗೆ ಮರಳಿದಳು. ಹೆರಿಗೆ ಅಲ್ಲಿಗೆ ಹತ್ತಿರದ ಸಿರುಗುಪ್ಪದ ಒಂದು ನರ್ಸಿಂಗ್ ಹೋಮಿನಲ್ಲಾಯಿತು. ಮಗು ಬರುವುದು ತಡವಾಯಿತೆಂದು ತಲೆಗೆ ಯಂತ್ರ ಹಚ್ಚಿ ಎಳೆದರು. ಬೇರೆಯವರ ಮಗುವಾಗಿದ್ದರೆ ಅದರಿಂದ ಏನೂ ಆಗುತ್ತಿರಲಿಲ್ಲ. ಅಲ್ಲಿಯವರಿಗೆ ನಮ್ಮ ಮನೆತನದ ರಕ್ತದ ಸುದ್ದಿ ಹೇಳಿದವರೇ ಇರಲಿಲ್ಲ. ಬೆಳಗಾಗುವಷ್ಟರಲ್ಲಿ ಮಗುವಿನ ತಲೆ ಊದಿ, ಮೈ ಬಿಳಿಚಿಕೊಂಡಿತ್ತು. ಬಳ್ಳಾರಿಗೆ ಕರೆತಂದರು. ಆಸ್ಪತ್ರೆಯ ಬಾಗಿಲಲ್ಲೇ ಅವ್ವ ಮೊದಲ ಸಲ ಆ ಹೆಸರನ್ನು ಬೀಗರೆದುರು ಬಾಯಿಬಿಟ್ಟು ಹೇಳಿದಳು.

ಅಕ್ಕನ ಅತ್ತೆ ಮಗುವನ್ನು ನರ್ಸಿನ ಕೈಗೆ ಕೊಟ್ಟಳು. ಆಮೇಲೆ ಹೇಳಿದಳು: "ಮೊದ್ಲ ಹೇಳಿದ್ರ ನಾವೇನು ನುಂಗಿಬಿಡ್ತಿದ್ವಾ? ಗದ್ದಿ ಕೆಲಸ ಬಿಟ್ಟು ಇಲ್ಲೇ ಬಂದು ಕುಂದರ್ತಿದ್ವಿ."

ಮಗು ಉಳಿಯಿತು. ಆದರೆ ಮಿದುಳಿನೊಳಗೆ ರಕ್ತ ಸೋರಿದ್ದರಿಂದ ಎಡಗೈ ಸ್ವಾಧೀನ ತಪ್ಪಿತು. ಮಾತು ತಡವಾಗಿ, ತೊದಲಾಗಿ ಬಂತು. ಈಗ ತಮ್ಮ ಆಗಾಗ ಐಸ್ ತುಂಬಿದ ಡಬ್ಬಿಯಲ್ಲಿ ಔಷಧಿ ಇಟ್ಟುಕೊಂಡು ಬಸ್ಸಿನಲ್ಲಿ ಹಚ್ಚೊಳ್ಳಿಗೆ ಹೋಗುತ್ತಾನೆ. ಅಕ್ಕನಿಗೆ ನರ ಹುಡುಕಿ ಸೂಜಿ ಚುಚ್ಚುವುದನ್ನು ಅವನೇ ತನ್ನ ಕೈ ಚಾಚಿ ಕಲಿಸಿದ. ಕಾಲುವೆ ದಂಡೆಯಲ್ಲಿ ಮಗುವನ್ನು ಆಡಿಸುತ್ತಾನೆ. ಗಿರಾಕಿಗಳ ಜೊತೆ ಮಾತ್ರ ಮೊದಲಿನ ಹಾಗೆ ಹರಟುವುದಿಲ್ಲ.

ಒಮ್ಮೆ ನಾನೂ ಜೊತೆಗೆ ಹೋಗಿದ್ದೆ. ಅಕ್ಕ ಜೋಳದ ರೊಟ್ಟಿ ಬಡಿಯುತ್ತಿದ್ದಳು. ತಮ್ಮ ಅವಳ ಪಕ್ಕ ಕೂತು ನಿಧಾನಕ್ಕೆ, "ಅವತ್ತು ನಾ ಕೇಳಬಾರದಿತ್ತು" ಎಂದ.

"ನೀ ಕೇಳಿದ್ದು ಸರೀನ ಇತ್ತು. ನನಗ ಹೇಳಾಕ ಬರಲಿಲ್ಲ" ಎಂದಳು ಅಕ್ಕ, ಕೈ ನಿಲ್ಲಿಸದೆ. "ಈಗ ಹೇಳ್ತೀನಿ ಕೇಳು. ಇವನ್ನ ನಾ ಬ್ಯಾಡ ಅಂತಿದ್ದಿಲ್ಲ. ಬಳ್ಳಾರಿ ದೊಡ್ಡಾಸ್ಪತ್ರ್ಯಾಗ ಹಡೀತಿದ್ದೆ. ಅಷ್ಟ."

ತಿಳಿದುಕೊಂಡು ಹೆರುವುದು ಎಂಬುದೊಂದು ಇದೆಯೆಂದು ಅವತ್ತು ನಮಗೆ ಯಾರಿಗೂ ಹೊಳೆಯಲಿಲ್ಲ. ಬಸ್ಸಿನಲ್ಲಿ ವಾಪಸು ಬರುವಾಗ ತೆಕ್ಕಲಕೋಟೆ ದಾಟುವವರೆಗೂ ತಮ್ಮ ಕಿಟಕಿಯಿಂದ ಮುಖ ತಿರುಗಿಸಲಿಲ್ಲ.

ಮುಂದೆ ತಮ್ಮನೇ ನನ್ನನ್ನು ಕರೆದೊಯ್ದು ರಕ್ತ ಕೊಡಿಸಿದ. ನನ್ನಲ್ಲಿ ಆ ದೋಷವಿಲ್ಲ ಎಂದು ಬಂತು. ಅವ್ವ ದೇವರಿಗೆ ಕಾಯಿ ಒಡೆದಳು. ಅಕ್ಕನಿಗೆ ಹೇಳಲು ಮಾತ್ರ ಯಾರಿಗೂ ಬಾಯಿ ಬರಲಿಲ್ಲ. ಕೊನೆಗೆ ನಾನೇ ಫೋನ್ ಮಾಡಿದೆ. "ಚಲೋ ಆತು, ಭಾಳ ಚಲೋ ಆತು" ಎಂದಳು. ಹಿಂದಿನಿಂದ ಮಗು ತೊದಲುತ್ತ ಏನೋ ಕೇಳುತ್ತಿತ್ತು. "ಆಮ್ಯಾಲೆ ಮಾಡ್ತೀನಿ" ಎಂದು ಇಟ್ಟಳು. ಮರುದಿನದವರೆಗೂ ಫೋನನ್ನು ಹೊಲಿಗೆ ಯಂತ್ರದ ಪಕ್ಕದಲ್ಲೇ ಇಟ್ಟುಕೊಂಡಿದ್ದೆ. ಅವಳು ಮಾಡಲಿಲ್ಲ.