ಮೂವರ ಫೋಟೊದಲ್ಲಿ ಒಂದು ಛತ್ರಿ

ನಮ್ಮ ವಾಟ್ಸ್ಯಾಪ್ ಗುಂಪಿನಲ್ಲಿ ನಾಲ್ಕು ನಂಬರುಗಳಿವೆ. ಇರುವವರು ನಾವು ಮೂವರು. ನಾಲ್ಕನೆಯವಳು ತೀರಿಕೊಂಡು ವರ್ಷ ದಾಟಿತು. ಅವಳ ನಂಬರನ್ನು ಗುಂಪಿನಿಂದ ತೆಗೆಯಬೇಕಾದರೆ ಅಡ್ಮಿನ್ ಎನಿಸಿಕೊಂಡ ನಾನೇ ತೆಗೆಯಬೇಕು. ಎಷ್ಟೋ ಸಲ ಅವಳ ಹೆಸರಿನ ಮೇಲೆ ಬೆರಳಿಟ್ಟು, ತೆಗೆದುಹಾಕಬೇಕೇ ಎಂದು ಫೋನು ಕೇಳುವಷ್ಟರಲ್ಲಿ ಅದನ್ನು ಮಗುಚಿ ಇಟ್ಟು ಅಡುಗೆಮನೆಗೆ ಹೋಗಿದ್ದೇನೆ.

ಆ ಗುಂಪು ಹುಟ್ಟಿದ್ದು ತಿರುಗಾಟಕ್ಕೆ. ನಾವು ನಾಲ್ವರೂ ಮಲ್ಲೇಶ್ವರದಲ್ಲಿ ಒಂದೇ ಕಾಲೇಜಿನಲ್ಲಿ ಓದಿದವರು. ಒಬ್ಬಳು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಾಳೆ, ಅವಳನ್ನು ನಾವು ಕರೆಯುವುದೇ ಟೀಚರ್ ಅಂತ. ಇನ್ನೊಬ್ಬಳು ತರಕಾರಿ ಮಂಡಿ ಇಟ್ಟವರ ಮನೆಯವಳು, ಈಗ ಗಂಡನಿಗಿಂತ ಚೆನ್ನಾಗಿ ವ್ಯಾಪಾರ ನಡೆಸುತ್ತಾಳೆ. ನಾನು ಬ್ಯಾಂಕಿನ ಕೌಂಟರಿನಲ್ಲಿ ಕೂತು ದಿನವಿಡೀ ಜನರ ಮೇಲೆ ರೇಗುವವಳು. ನಾಲ್ಕನೆಯವಳ ಮನೆ ಹನುಮಂತನಗರದಲ್ಲಿ. ಮದುವೆಯಾಗಿರಲಿಲ್ಲ, ಅಮ್ಮ, ತಮ್ಮ, ತಮ್ಮನ ಹೆಂಡತಿಯ ಜೊತೆ ಇದ್ದಳು. ಹುಟ್ಟಿ ಬೆಳೆದ ಊರನ್ನೇ ಸರಿಯಾಗಿ ನೋಡಿಲ್ಲವಲ್ಲ ಎಂಬ ಹುಕಿ ಮೊದಲು ಬಂದದ್ದು ಅವಳಿಗೆ. ಶನಿವಾರ ಸಂಜೆ ಗುಂಪಿನಲ್ಲಿ ಜಾಗ ಮತ್ತು ಹೊತ್ತು ಹಾಕುವುದು, ಭಾನುವಾರ ಬೆಳಿಗ್ಗೆ ಅಲ್ಲಿ ಸೇರುವುದು, ಇಡ್ಲಿ ತಿಂದು ಬೀದಿ ಬೀದಿ ಸುತ್ತುವುದು.

ಫೋಟೊ ತೆಗೆಯುವವಳು ನಾನು. ಬೇರೆಯವರು ತೆಗೆದರೆ ನನಗೆ ಸಮಾಧಾನವಿಲ್ಲ. ಅಕ್ಕಿಪೇಟೆಯಲ್ಲಿ ಮೂಟೆಗಳ ಮುಂದೆ, ಬಸವನಗುಡಿಯಲ್ಲಿ ಬಾವಲಿಗಳು ತೂಗಿಬಿದ್ದ ಮರಗಳ ಕೆಳಗೆ ಇವರನ್ನು ನಿಲ್ಲಿಸಿ, ಹೊಟ್ಟೆ ಒಳಗೆ ಎಳ್ಕೊಳ್ಳೇ, ಕಣ್ಣು ಬಿಡೇ ಎಂದು ಬೈದು ಬೈದು ತೆಗೆಯುವುದರಲ್ಲಿ ನನಗೆ ಇರುವಷ್ಟು ಖುಷಿ ಇನ್ನಾವುದರಲ್ಲೂ ಇಲ್ಲ. ಮಂಡಿಯವಳಿಗೆ ಮಾತ್ರ ಯಾವಾಗಲೂ ಹಿಂದಿನದೆಲ್ಲ ಮಸುಕಾಗಿರಬೇಕು. "ಹಿಂದೆ ಇರೋ ಕಸ, ಕೇಬಲ್ಲು ಯಾಕೆ ಕಾಣ್ಬೇಕು ಗುರು, ನಾವ್ ಕಂಡ್ರೆ ಸಾಕು" ಅನ್ನುತ್ತಾಳೆ. ಫೋನಿನಲ್ಲಿ ಅದಕ್ಕೊಂದು ಸೌಕರ್ಯವಿದೆ, ಮುಖಗಳನ್ನು ಉಳಿಸಿ ಮಿಕ್ಕ ಲೋಕವನ್ನು ಒರೆಸಿಹಾಕುತ್ತದೆ. ನಮ್ಮ ಎಲ್ಲ ಫೋಟೊಗಳೂ ಹಾಗೇ.

ಹೋದವಳ ಬಗ್ಗೆ ಎರಡು ವಿಷಯ ಹೇಳಬೇಕು. ಅವಳಿಗೆ ಬಿಸಿಲು ಆಗುತ್ತಿರಲಿಲ್ಲ, ಬಿಳಿ ಚುಕ್ಕಿಯ ನೇರಳೆ ಛತ್ರಿ ಸದಾ ಕೈಯಲ್ಲಿ. ಅದರ ಒಂದು ಕಡ್ಡಿ ಮುರಿದು ಬಟ್ಟೆ ಒಂದು ಕಡೆ ಜೋತುಬಿದ್ದಿತ್ತು, ಬಿಸಾಕೇ ಅಂದರೆ ಕೇಳುತ್ತಿರಲಿಲ್ಲ. ಎರಡನೆಯದು, ಅವಳ ಫೋನಿಗೆ ಮೆಸೇಜ್ ಬಂದರೆ ಕುಕ್ಕರ್ ಸೀಟಿ ಹೊಡೆಯುತ್ತಿತ್ತು. ಬಸ್ಸಿನಲ್ಲಿ ಜನ ಬೆಚ್ಚಿ ತಿರುಗಿದರೆ "ಬೇಳೆ ಬೆಂತು" ಎಂದು ತಾನೇ ನಗುತ್ತಿದ್ದಳು.

ಅವಳ ಅಮ್ಮನನ್ನು ನಾವು ನೋಡಿದ್ದು ಹೆಚ್ಚಾಗಿ ದಸರೆಯಲ್ಲಿ, ಗೊಂಬೆ ನೋಡಲು ಹೋದಾಗ. ಒಮ್ಮೆ ಗೊಂಬೆಗಳ ಮುಂದೆ ಈ ಮೂವರನ್ನು ನಿಲ್ಲಿಸಿ ನಾನು ಫೋಟೊಗೆ ಸಜ್ಜಾಗಿದ್ದೆ. ಒಳಗಿನಿಂದ ಕಡಲೆ ಉಸಲಿ ತರುತ್ತಿದ್ದ ಆಂಟಿ ತಟ್ಟೆಯನ್ನು ಅಲ್ಲೇ ಕುಕ್ಕಿ ಓಡಿಬಂದರು.

"ಮೂರು ಜನ ನಿಂತ್ಕೋಬಾರ್ದು ಫೋಟೊದಲ್ಲಿ. ಮಧ್ಯ ನಿಂತೋರಿಗೆ ಆಗಿಬರಲ್ಲ."

ಕೆಳಗಿನ ಮೆಟ್ಟಿಲಿನಿಂದ ಒಂದು ಮರದ ಗೊಂಬೆ ತೆಗೆದು ಮಗಳ ಕೈಗೆ ತುರುಕಿ, ಈಗ ನಾಲ್ಕಾಯ್ತು ಎಂದರು. ನನಗೆ ಇಂಥದ್ದನ್ನು ಕೇಳಿದರೆ ನಗು ತಡೆಯುವುದಿಲ್ಲ. "ಆಂಟಿ, ಗೊಂಬೆಗೆ ಏನಾದ್ರೂ ಆದ್ರೆ?" ಅಂದೆ. ಎಲ್ಲರೂ ನಕ್ಕರು, ಆಂಟಿ ನಗಲಿಲ್ಲ.

ಅವಳ ಜೊತೆ ಕೊನೆಯ ಸಲ ತಿರುಗಿದ್ದು ಮಾಮೂಲ್‌ಪೇಟೆಯಲ್ಲಿ. ರಿಬ್ಬನ್, ಗುಂಡಿ, ಬಣ್ಣದ ದಾರ ತೂಗುಹಾಕಿದ ಅಂಗಡಿಯೊಂದರ ಮುಂದೆ ಮೂವರನ್ನೂ ನಿಲ್ಲಿಸಿದೆ. ಅವಳು ಮಧ್ಯ, ಟೀಚರ್ ಅವಳ ಹೆಗಲ ಮೇಲೆ ಕೈ ಹಾಕಿದ್ದಳು. ಆಂಟಿಯ ಮಾತು ಯಾರಿಗೂ ನೆನಪಾಗಲಿಲ್ಲ, ಆಗಿದ್ದರೂ ನಾನು ಕೇಳುತ್ತಿರಲಿಲ್ಲ. ಆ ವಾರ ಅವಳಿಗೆ ಜ್ವರ ಬಂತು. ಡೆಂಗಿ ಅಂದರು, ಪ್ಲೇಟ್ಲೆಟ್ಸ್ ಇಳಿಯಿತು ಅಂದರು, ಮುಂದಿನ ಭಾನುವಾರದ ಹೊತ್ತಿಗೆ ಅವಳಿರಲಿಲ್ಲ. ಸೊಳ್ಳೆ ಕಚ್ಚಿ ಸತ್ತಳು, ಫೋಟೊದಿಂದಲ್ಲ. ಇದನ್ನು ನಾನು ಆಗಲೂ ಗಟ್ಟಿಯಾಗಿ ನಂಬಿದ್ದೆ, ಈಗಲೂ ನಂಬುತ್ತೇನೆ.

ಕಾರ್ಯದ ದಿನ ಹೋದಾಗ ಗೋಡೆಯ ಮೇಲೆ ಅದೇ ಫೋಟೊ ಇತ್ತು. ಸ್ಟುಡಿಯೋದವರು ಎರಡೂ ಪಕ್ಕ ಕತ್ತರಿಸಿ ಅವಳೊಬ್ಬಳನ್ನೇ ದೊಡ್ಡದು ಮಾಡಿ ಚೌಕಟ್ಟು ಹಾಕಿದ್ದರು. ಟೀಚರಿನ ಕೈ ಮಾತ್ರ ಉಳಿದುಬಿಟ್ಟಿತ್ತು. ಹಾರದ ಪಕ್ಕದಲ್ಲಿ, ಎಲ್ಲಿಂದಲೋ ಬಂದ ಒಂದು ಕೈ ಅವಳ ಹೆಗಲನ್ನು ಹಿಡಿದುಕೊಂಡಿತ್ತು. ಬೆರಳಿನಲ್ಲಿ ಟೀಚರಿನ ಹವಳದ ಉಂಗುರ. ಟೀಚರ್ ಅದನ್ನು ನೋಡಿದವಳೇ ಉಂಗುರದ ಬೆರಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

ಕೆಲವು ತಿಂಗಳು ಎಲ್ಲಿಗೂ ಹೋಗಲಿಲ್ಲ. ಆಮೇಲೆ ಒಂದು ಶನಿವಾರ ಮಂಡಿಯವಳೇ ಗುಂಪಿನಲ್ಲಿ "ನಾಳೆ ಮಲ್ಲೇಶ್ವರ?" ಎಂದು ಹಾಕಿದಳು. ಸರಿ, ಏಳೂವರೆಗೆ ಬನ್ನಿ ಎಂದು ಬರೆದೆ. ರಾತ್ರಿ ಊಟಕ್ಕೆ ಮುಂಚೆ ನೋಡಿದರೆ ನನ್ನ ಮಾತಿನ ಪಕ್ಕದ ಎರಡು ಗೆರೆ ನೀಲಿಯಾಗಿದ್ದವು. ಗುಂಪಿನಲ್ಲಿ ಹಾಕಿದ್ದು ನೀಲಿಯಾಗಬೇಕಾದರೆ ಗುಂಪಿನವರೆಲ್ಲ ಓದಿರಬೇಕು. ಒಬ್ಬರು ಓದದಿದ್ದರೂ ಆಗುವುದಿಲ್ಲ. ತಮ್ಮ ಅವಳ ಫೋನನ್ನು ಇಟ್ಟುಕೊಂಡಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ತಾವು ಬರೆದದ್ದೂ ನೀಲಿಯಾಗಿದ್ದನ್ನು ಉಳಿದಿಬ್ಬರೂ ಗಮನಿಸಿದ್ದರಂತೆ, ಯಾರೂ ಬಾಯಿಬಿಡಲಿಲ್ಲ. ಪ್ರತಿ ಶನಿವಾರವೂ ನೀಲಿಯಾಯಿತು.

ಮೂವರೇ ಆದ ಮೇಲೆ ನಾನು ಹೊರಗೆ ನಿಂತು ಇಬ್ಬರದೇ ತೆಗೆದರೆ ಏನೋ ಖಾಲಿ ಖಾಲಿ ಕಾಣುತ್ತಿತ್ತು. ಹಾಗಾಗಿ ಟೈಮರ್ ಹಾಕಿ ಫೋನನ್ನು ಯಾರದ್ದೋ ಕಾಂಪೌಂಡಿನ ಮೇಲೋ, ನಿಂತ ಸ್ಕೂಟರಿನ ಸೀಟಿನ ಮೇಲೋ ಒರಗಿಸಿ, ಅದರ ದೀಪ ಮಿಣುಕುತ್ತಿರುವಷ್ಟರಲ್ಲಿ ಓಡಿಹೋಗಿ ಇವರ ಜೊತೆ ನಿಲ್ಲುವುದನ್ನು ರೂಢಿ ಮಾಡಿಕೊಂಡೆ.

ಟೀಚರಿನ ಹುಟ್ಟುಹಬ್ಬಕ್ಕೆ ಕಾಫಿ ಮಗ್ಗಿನ ಮೇಲೆ ನಮ್ಮದೊಂದು ಫೋಟೊ ಹಾಕಿಸೋಣವೆಂದು ಒಂದು ರಜೆಯ ಮಧ್ಯಾಹ್ನ ಊಟ ಮುಗಿಸಿ ಆರಿಸಲು ಕೂತೆ. ಮಲ್ಲೇಶ್ವರದ್ದೊಂದು ಚೆನ್ನಾಗಿತ್ತು. ಆದರೆ ಟೀಚರಿನ ಕಿವಿಯ ಹಿಂದೆ, ಮಸುಕಿನಲ್ಲಿ, ಏನೋ ನೇರಳೆ ಬಣ್ಣ ಕಲಸಿದಂತಿತ್ತು. ಅವಳು ಹೋದ ಮೇಲೆ ತೆಗೆದ ಬೇರೆಯವನ್ನು ನೋಡಿದೆ. ಅಕ್ಕಿಪೇಟೆ, ಮೂಟೆಗಳ ಹಿಂದೆ ನೇರಳೆ. ಬಸವನಗುಡಿ, ಮರದ ಬುಡದಲ್ಲಿ ನೇರಳೆ. ಇಬ್ಬರೇ ಇರುವ ಫೋಟೊಗಳನ್ನು ತೆಗೆದು ನೋಡಿದೆ, ಇರಲಿಲ್ಲ. ಒಬ್ಬೊಬ್ಬರದರಲ್ಲೂ ಇರಲಿಲ್ಲ. ನಾವು ಮೂವರು ನಿಂತಿದ್ದರೆ ಮಾತ್ರ ಇತ್ತು.

ತೆಗೆದ ಮೇಲೂ ಆ ಮಸುಕನ್ನು ಕಡಿಮೆ ಮಾಡಬಹುದು. ಪರದೆಯ ಕೆಳಗೆ ಒಂದು ಗೀಟು ಇದೆ, ಬೆರಳಿನಿಂದ ಎಳೆದರೆ ಹಿಂದಿನದು ಮೆಲ್ಲಗೆ ತಿಳಿಯಾಗುತ್ತಾ ಬರುತ್ತದೆ. ಮಲ್ಲೇಶ್ವರದ ಫೋಟೊ ತೆಗೆದು ಎಳೆದೆ. ಮೊದಲು ಕಿಟಕಿಯ ಸರಳು ಬಂತು, ಆಮೇಲೆ ಕೇಬಲ್ಲು, ಆಮೇಲೆ ಬಿಳಿ ಚುಕ್ಕಿ. ಬಿಳಿ ಚುಕ್ಕಿಯ ನೇರಳೆ ಛತ್ರಿ, ಒಂದು ಕಡೆ ಜೋತುಬಿದ್ದದ್ದು. ಜೋತುಬಿದ್ದ ಬಟ್ಟೆ ಮುಖವನ್ನು ಮುಚ್ಚಿತ್ತು. ಕೆಳಗೆ ಸೀರೆ. ನಿಂತ ರೀತಿ ಅವಳದೇ, ಭಾರವನ್ನೆಲ್ಲ ಎಡಗಾಲಿನ ಮೇಲೆ ಹಾಕಿ, ಸೊಂಟ ಒಂಚೂರು ಓರೆ ಮಾಡಿ. ಕಾಲೇಜಿನ ಬಸ್‌ಸ್ಟಾಪಿನಲ್ಲಿ ವರ್ಷಗಟ್ಟಲೆ ನೋಡಿದ ಭಂಗಿ ಅದು, ನನಗೆ ತಪ್ಪಾಗಲು ಸಾಧ್ಯವಿಲ್ಲ. ಅವಳು ಸೀರೆ ಉಡುತ್ತಿರಲಿಲ್ಲ ಎಂಬುದು ಆ ಕ್ಷಣ ನನಗೆ ಹೊಳೆಯಲೂ ಇಲ್ಲ. ಹಾಡಹಗಲು, ಪಕ್ಕದ ಮನೆಯಲ್ಲಿ ಟಿವಿ ಕೂಗುತ್ತಿತ್ತು. ನಾನು ಎದ್ದು ಮನೆಯ ಲೈಟುಗಳನ್ನೆಲ್ಲ ಹಾಕಿದೆ.

ಇಬ್ಬರಿಗೂ ತೋರಿಸಿದೆ. ಟೀಚರ್ ಅಳಲು ಶುರುಮಾಡಿದಳು. "ಸಾಕು ಕಣೇ, ಇನ್ನು ತಿರುಗೋದೂ ಬೇಡ, ಫೋಟೊನೂ ಬೇಡ. ಅವಳಿಗೆ ನಮ್ಮನ್ನ ಬಿಟ್ಟುಹೋಗೋಕೆ ಆಗ್ತಿಲ್ಲ." ಮಂಡಿಯವಳು ಫೋನು ಕಿತ್ತುಕೊಂಡು ಗೀಟನ್ನು ಮತ್ತೆ ಮಸುಕಿನತ್ತ ಎಳೆದಳು.

ನನಗೆ ಹೆದರಿಕೆಯಾದರೆ ಸಿಟ್ಟೂ ಬರುತ್ತದೆ. "ದೆವ್ವಕ್ಕೆ ಛತ್ರಿ ಯಾಕೆ ಬೇಕೇ? ಈ ಭಾನುವಾರ ಒಂದೇ ಸಲ ಹೋಗೋಣ, ನೋಡೇಬಿಡೋಣ" ಎಂದು ರೇಗಿದೆ. ಆ ಶನಿವಾರ ಗುಂಪಿನಲ್ಲಿ ಚಾಮರಾಜಪೇಟೆ ಎಂದು ಹಾಕಿದೆ, ಬೀದಿಯ ಗುರುತನ್ನೂ ಬರೆದೆ. ನೀಲಿಯಾಯಿತು.

ಚಾಮರಾಜಪೇಟೆಯ ಆ ಅಡ್ಡರಸ್ತೆಯಲ್ಲಿ ಇನ್ನೂ ಒಂದೆರಡು ಹಳೆಯ ಮನೆಗಳು ಉಳಿದಿವೆ, ಮರದ ಜಾಲರಿಯ ಕಿಟಕಿ, ಮುಂದೆ ಪಾರಿಜಾತದ ಗಿಡ. ಜನ ಕಡಿಮೆ. ಮೂರು ಸಲ ಹಿಂತಿರುಗಿ ನೋಡಿದೆ, ಯಾರೂ ಇರಲಿಲ್ಲ. ಫೋನನ್ನು ಒಂದು ಸ್ಕೂಟರಿನ ಮೇಲೆ ನಿಲ್ಲಿಸಿ, ಟೈಮರ್ ಒತ್ತುವ ಮುಂಚೆ ಗುಂಪಿನಲ್ಲಿ "ಬಂದಿದೀವಿ" ಎಂದು ಬರೆದು ಕಳಿಸಿದೆ.

ಎಲ್ಲೋ ಕುಕ್ಕರ್ ಸೀಟಿ ಹೊಡೆಯಿತು.

ಭಾನುವಾರ ಬೆಳಿಗ್ಗೆ ಆ ಬೀದಿಯಲ್ಲಿ ಪ್ರತಿ ಮನೆಯಲ್ಲೂ ಕುಕ್ಕರ್ ಕೂಗುತ್ತದೆ. ಟೀಚರ್ ಮಂಡಿಯವಳ ಕೈಯನ್ನು ಉಗುರು ಊರುವಷ್ಟು ಗಟ್ಟಿಯಾಗಿ ಹಿಡಿದಳು. ಮತ್ತೆ "ಎಲ್ಲಿದೀಯಾ?" ಎಂದು ಬರೆದೆ. ಮತ್ತೆ ಸೀಟಿ. ಅದು ಯಾವ ಅಡುಗೆಮನೆಯಿಂದಲೂ ಬಂದದ್ದಲ್ಲ, ಪಾರಿಜಾತದ ಗಿಡದ ಆಚೆಯಿಂದ ಬಂದದ್ದು. ನಾನು ಟೈಮರ್ ಒತ್ತಿ ಓಡಿಹೋಗಿ ಇವರಿಬ್ಬರ ಮಧ್ಯ ನಿಂತೆ. ದೀಪ ಮಿಣುಕತೊಡಗಿತು. ಕ್ಯಾಮೆರಾ ನೋಡುವ ಬದಲು ನಾನು ಹಿಂದಕ್ಕೆ ತಿರುಗಿದೆ.

ನೇರಳೆ ಛತ್ರಿ ಗಿಡದ ಮರೆಯಿಂದ ಹೊರಬಂದು, ನಮ್ಮ ಬೆನ್ನ ಹಿಂದೆ ನಿಂತು, ಭಾರವನ್ನು ಎಡಗಾಲಿಗೆ ಹಾಕಿತು.

ಆ ಸೀರೆ ಯಾರದೆಂದು ಈಗ ಹೊಳೆಯಿತು. "ಆಂಟಿ," ಎಂದೆ.

ಆಂಟಿ ಛತ್ರಿ ಎತ್ತಿದರು. ತುಂಬಾ ಇಳಿದುಹೋಗಿದ್ದರು. "ಮುಂದೆ ನೋಡು," ಎಂದರು, "ಫೋಟೊ ಹಾಳಾಗುತ್ತೆ."

ಫೋನು ಕ್ಲಿಕ್ಕೆಂದಿತು. ಮಂಡಿಯವಳು ಅಲ್ಲೇ ಜಗಲಿಯ ಮೇಲೆ ಕುಸಿದು ಕೂತು, ಪಕ್ಕದಲ್ಲಿ ಆಂಟಿಗೆ ಜಾಗ ಮಾಡಿಕೊಟ್ಟಳು. ಮಗಳ ಫೋನನ್ನು ದಿನಾ ಚಾರ್ಜಿಗೆ ಹಾಕುತ್ತೇನೆ, ನೀವು ಹಾಕಿದ್ದೆಲ್ಲ ಓದುತ್ತೇನೆ ಎಂದರು. ಮಲ್ಲೇಶ್ವರದವರೆಗೂ ಹೇಗೆ ಬಂದ್ರಿ ಎಂದರೆ, "ಹೆಂಗಸರಿಗೆ ಬಸ್ಸು ಫ್ರೀ ಅಲ್ವೇನೇ, ಎಲ್ಲಿಗ್ ಬೇಕಾದ್ರೂ ಬರ್ತೀನಿ" ಎಂದರು.

"ನಮ್ಮ ಜೊತೆಗೇ ಬರ್ಬೋದಿತ್ತಲ್ಲ ಆಂಟಿ, ಹೀಗೆ ಹಿಂದೆ ಹಿಂದೆ ಯಾಕೆ?" ಟೀಚರ್ ಕೇಳಿದಳು.

"ನನ್ನ ಮುಖ ನೋಡಿದ್ರೆ ನೀವು ನಗಲ್ಲ. ಫೋಟೊದಲ್ಲಿ ನಗಬೇಕು." ಛತ್ರಿಯ ಮುರಿದ ಕಡ್ಡಿಯನ್ನು ನೇವರಿಸಿದರು. "ನೀವು ಇಬ್ಬರೇ ನಿಂತ್ರೆ ನಂಗೇನೂ ಕೆಲಸ ಇಲ್ಲ. ಇವಳು ಫೋನ್ ನಿಲ್ಸಿ ಓಡಿದಳು ಅಂದ್ರೆ ಮೂರು ಜನ ಆದ್ರಿ ಅಂತ. ಆಗ ಬಂದು ನಿಂತ್ಕೋತೀನಿ."

ನನ್ನ ಫೋಟೊದಿಂದ ಮಗಳು ಹೋದಳು ಎಂದು ಈಗ ಹೇಳುತ್ತಾರೆ ಅಂದುಕೊಂಡೆ. ಕೆಳಗೆ ಬಿದ್ದ ಪಾರಿಜಾತ ನೋಡುತ್ತಿದ್ದೆ. ಆಂಟಿ ಹೇಳಿದ್ದು ಬೇರೆ.

"ಆ ಭಾನುವಾರ ನನ್ನನ್ನೂ ಕರೆದಳು. ಬಾಮ್ಮಾ, ಮಾಮೂಲ್‌ಪೇಟೆಲಿ ನಿಂಗೆ ಬೇಕಾದ ದಾರ ಎಲ್ಲ ಸಿಗುತ್ತೆ ಅಂತ. ಕಾಲು ನೋಯುತ್ತೆ ನೀನು ಹೋಗು ಅಂದೆ. ಅಷ್ಟೇನೂ ನೋಯ್ತಿರ್ಲಿಲ್ಲ. ನಾನು ಬಂದಿದ್ರೆ ಫೋಟೊದಲ್ಲಿ ನಾಲ್ಕು ಜನ ಆಗ್ತಿತ್ತು."

ಅದೆಲ್ಲ ಸುಳ್ಳು ಆಂಟಿ ಎನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಫೋಟೊಗೂ ಸಾವಿಗೂ ಏನು ಸಂಬಂಧ, ಸೊಳ್ಳೆ ನಾಲ್ಕು ಜನರಿದ್ದರೂ ಕಚ್ಚುತ್ತದೆ. ಹಾಗೆ ಹೇಳಿ ಅವರನ್ನು ನಂಬಿಸಿದರೆ, ಬರದೇ ಹೋದ ತಪ್ಪು ಅವರ ತಲೆಯಿಂದ ಇಳಿಯುತ್ತಿತ್ತು. ಆದರೆ ಅದು ಸುಳ್ಳಾದರೆ ಇದೂ ಸುಳ್ಳು. ತಿಂಗಳುಗಟ್ಟಲೆ ಬಸ್ಸು ಹತ್ತಿ, ಮರದ ಹಿಂದೆ, ಮೂಟೆಯ ಹಿಂದೆ ನಿಂತು ಅವರು ನಮ್ಮ ಮೂವರನ್ನು ಕಾಪಾಡಿದ್ದೂ ಸುಳ್ಳು. ಮಗಳು ಹೋದ ಮೇಲೆ ಅವರ ಕೈಯಲ್ಲಿ ಉಳಿದಿದ್ದ ಕೆಲಸ ಅದೊಂದೇ. ಬಾಯಿಗೆ ಬಂದದ್ದನ್ನು ಆಡಿಬಿಡುವ ನಾನು ಅವತ್ತು ಬಾಯಿ ಮುಚ್ಚಿಕೊಂಡೆ.

ಆಂಟಿ ಫೋಟೊ ತೋರಿಸು ಎಂದರು. ತೋರಿಸಿದೆ. ಇಬ್ಬರು ಬಿಳಿಚಿಕೊಂಡು ಮುಂದೆ ನೋಡುತ್ತಿದ್ದರು, ನನ್ನದು ಬರೀ ತುರುಬು ಕಾಣುತ್ತಿತ್ತು, ಹಿಂದೆ ಛತ್ರಿ. ಅವರು ಪರದೆಯ ಮೇಲೆ ಬೆರಳಿಟ್ಟು ನಮ್ಮ ತಲೆಗಳನ್ನು ಎಣಿಸಿದರು. ಕೊನೆಗೆ ಛತ್ರಿಯ ಮೇಲೆ ಬೆರಳಿಟ್ಟು, "ನಾಲ್ಕು, ಸರಿಯಾಯ್ತು" ಎಂದು ಫೋನನ್ನು ವಾಪಸ್ ಕೊಟ್ಟರು.

"ಮುಂದಿನ ವಾರ ಎಲ್ಲಿಗೆ?" ಎಂದು ಕೇಳಿದರು.

"ಗಾಂಧಿಬಜಾರ್. ಏಳೂವರೆಗೆ. ಈ ಸಲ ಮುಂದೆ ನಿಂತ್ಕೋಬೇಕು ನೀವು."

"ಗುಂಪಿನಲ್ಲಿ ಹಾಕು."

ಪಕ್ಕದಲ್ಲೇ ಕೂತಿದ್ದಾರೆ, ಆಗಷ್ಟೇ ಬಾಯಲ್ಲಿ ಹೇಳಿದ್ದೇನೆ. ಆದರೂ ಬರೆದು ಕಳಿಸಿದೆ. ಅವರ ಬಟ್ಟೆಯ ಚೀಲದೊಳಗೆ ಕುಕ್ಕರ್ ಸೀಟಿ ಹೊಡೆಯಿತು. ಆಂಟಿ ಮಗಳ ಫೋನು ತೆಗೆದು, ಕನ್ನಡಕ ಹಾಕಿಕೊಂಡು, ತುಟಿ ಅಲ್ಲಾಡಿಸುತ್ತಾ ಓದಿದರು. ನನ್ನ ಕೈಯಲ್ಲಿದ್ದ ಫೋನಿನಲ್ಲಿ ಗೆರೆಗಳು ನೀಲಿಯಾದವು.