ಗಂಜಿ ಊಟವಲ್ಲ ಎಂದು ನಂಬಿದ್ದೆ

ಎರಡು ಸಲ ಮಲದಲ್ಲಿ ರಕ್ತ ಕಂಡಿತ್ತು. ಅಣ್ಣ ಹೋದದ್ದು ಕರುಳಿನ ಕ್ಯಾನ್ಸರಿನಿಂದ. ಅವನಿಗೂ ಮೊದಲು ಕಂಡದ್ದು ಇದೇ. ಇಸವಿ ಎರಡು ಸಾವಿರ ಕಳೆದು ಎರಡು ಮೂರು ವರ್ಷವಾಗಿತ್ತು. ಮಣಿಪಾಲದ ಆಸ್ಪತ್ರೆಯಲ್ಲಿ, ಕರುಳಿನೊಳಗೆ ಕೊಳವೆ ಬಿಟ್ಟು ನೋಡುವ ಕೊಲೊನೋಸ್ಕೋಪಿಗೆ ದಿನ ಕೊಟ್ಟಂದಿನಿಂದ ನಾನು ಕೂತಲ್ಲಿ ಕೂರಲಿಲ್ಲ.

ಹಿಂದಿನ ದಿನ ಊಟ ಬೇಡ, ಭೇದಿಯ ಪುಡಿ ಕಲಸಿದ ನೀರು ಕುಡಿದು ಹೊಟ್ಟೆ ಪೂರ್ತಿ ಖಾಲಿ ಮಾಡಿಕೊಂಡು ಬನ್ನಿ ಎಂದಿದ್ದರು. ಕಕ್ಕಸಿಗೂ ಜಗಲಿಗೂ ಓಡಾಡಿ ಸಂಜೆಗೆ ಕಾಲು ಸೋತಿತು. ನೋಡಲಾರದೆ ಹೆಂಡತಿ ಒಂದು ಬಟ್ಟಲು ಕುಚ್ಚಲಕ್ಕಿ ಗಂಜಿ ಮುಂದಿಟ್ಟಳು. ಉಪ್ಪಿನಕಾಯಿ ಕೂಡ ಇಲ್ಲದೆ ಕುಡಿದೆ.

ಮರುದಿನ ಕಾಪುವಿನಲ್ಲಿ ಬಸ್ಸು ಹತ್ತಿ ಬಾಗಿಲ ಪಕ್ಕದ ಸೀಟು ಹಿಡಿದೆ. ಉದ್ಯಾವರ ದಾಟುವಷ್ಟರಲ್ಲಿ ಇಳಿದುಬಿಡಲೇ ಎಂದು ಮೂರು ಸಲ ಎದ್ದು ಕೂತೆ.

ಪರೀಕ್ಷೆಯ ಕೋಣೆಯ ಹೊರಗೆ ಬಾಗಲಕೋಟೆ ಕಡೆಯ ಒಬ್ಬ ಆಯಾ ಇದ್ದಳು.

“ಏನರ ಉಂಡೀರೇನ್ರಿ?”

“ಇಲ್ಲ, ಊಟ ಮಾಡಲಿಲ್ಲ.”

ಸುಳ್ಳು ಹೇಳುತ್ತಿದ್ದೇನೆ ಎಂದು ನನಗೆ ಅನಿಸಲೇ ಇಲ್ಲ. ನಮ್ಮಲ್ಲಿ ಗಂಜಿ ಕುಡಿಯುವುದು. ಊಟ ಮಾಡುವುದು ಬೇರೆ.

“ನೀರು ತಿಳಿ ಹೊಂಟಾವೇನ್ರಿ?”

ಹೆಂಗಸಿನ ಹತ್ತಿರ ಕಕ್ಕಸಿನ ಸುದ್ದಿಯನ್ನೆಲ್ಲ ಹೇಳುವುದು ಹೇಗೆ? ಸರಿ ಉಂಟು ಎಂದೆ. ಅವಳು ಬಿಡಲಿಲ್ಲ. ಕಕ್ಕಸಿಗೆ ಕಳಿಸಿ, ನೀರು ಹಾಕಬೇಡಿ ಎಂದು, ತಾನೇ ಬಂದು ಬಗ್ಗಿ ನೋಡಿದಳು.

“ಅಕ್ಕಿ ಅದಾವ್ರಿ ಇನ್ನ.”

ಒಳಗೆ ಹೋಗಿ ಹೇಳಿಯೂ ಬಿಟ್ಟಳು. ಪರೀಕ್ಷೆ ಒಂದು ವಾರ ಮುಂದಕ್ಕೆ ಹೋಯಿತು. ನನಗೆ ಮೈ ಉರಿಯಿತು.

“ಗಂಜಿ ಎಂತ ಊಟವಾ ಮಾರಾಯ್ತಿ? ನಿಮಗೆ ಎಂತ ಗೊತ್ತುಂಟು?” ಎಂದು ನಾಲ್ಕು ಜನರೆದುರು ರೇಗಿದೆ. ಅವಳು ಬಕೆಟ್ ಎತ್ತಿಕೊಂಡು ಹೋದಳು.

ಆ ವಾರವಿಡೀ ಕಣ್ಣ ಮುಂದೆ ಅಣ್ಣನೇ. ಹೆದರಿಕೆಯನ್ನು ಹೇಳಿಕೊಳ್ಳಲಾಗದೆ ಹೆಂಡತಿಯ ಮೇಲೆ ಹರಿಹಾಯುತ್ತಿದ್ದೆ. ಎರಡನೆಯ ಸಲ ಪುಡಿ ನೀರು, ಬರೀ ನೀರು ಬಿಟ್ಟು ಬೇರೇನೂ ಮುಟ್ಟಲಿಲ್ಲ. ಅದೇ ಆಯಾ ಮತ್ತೆ ಬಗ್ಗಿ ನೋಡಿ, “ಈಗ ತಿಳಿ ಆತ್ರಿ, ಹೋಗ್ರಿ” ಎಂದಳು.

ಕರುಳಿನ ಮಡಿಕೆಯೊಂದರಲ್ಲಿ ಕಡಲೆಕಾಳಿನಷ್ಟು ಗಂಟು ಅಡಗಿತ್ತು. ಅಲ್ಲೇ ತೆಗೆದರು. ಹೊಟ್ಟೆ ಸ್ವಚ್ಛ ಇಲ್ಲದಿದ್ದರೆ ಇದು ಕಣ್ಣು ತಪ್ಪಿಸುತ್ತಿತ್ತು, ಬಿಟ್ಟಿದ್ದರೆ ಮುಂದೆ ಕ್ಯಾನ್ಸರ್ ಆಗಬಹುದಿತ್ತು ಎಂದರು ಡಾಕ್ಟರು.

ವರದಿ ತರಲು ಹೋದ ದಿನ ಅವಳನ್ನು ಹುಡುಕಿ, ಅವತ್ತು ಬೈದದ್ದು ತಪ್ಪಾಯಿತು ಎಂದೆ. ಅವಳಿಗೆ ನನ್ನ ಮುಖವೇ ನೆನಪಿರಲಿಲ್ಲ. ಗಂಜಿ ಕುಡಿದು ಬಂದಿದ್ದವ ಎಂದು ಗುರುತು ಹೇಳಿದೆ.

“ಇಲ್ಲೆ ಎಲ್ಲಾರೂ ಅದನ್ನ ಕುಡದು ಬರ್ತಾರ್ರಿ,” ಎಂದಳು. “ಅದಕ್ಕ ನಾ ಬಗ್ಗಿ ನೋಡೂದು.”